ಬ್ರೆಡ್ ಹಿಡಿದು ನಿಂತ ಮದಾಮ್ ಒದಿಲ್

ಫೋನು ಬಂದದ್ದು ಸಂಕ್ರಾಂತಿ ಕಳೆದ ವಾರದಲ್ಲಿ. ಅದರ ಮುಂದಿನ ಸೋಮವಾರ ಪಾಠ ಶುರುವಾಯಿತು. ಶಿವರಾತ್ರಿಯ ಹೊತ್ತಿಗೆ ಪಾಠಗಳೆಲ್ಲ ಮುಗಿದವು, ಯಾರಿಗೂ ಏನೂ ಬಂದಿಲ್ಲವೆಂಬುದೂ ಗೊತ್ತಾಯಿತು. ಯುಗಾದಿಗೆ ಸ್ವಲ್ಪ ಮುಂಚೆ ಮದಾಮ್ ಒದಿಲ್ ಬ್ರೆಡ್ ಹಿಡಿದು ನಿಂತರು. ಮಗು ಬಂದಿಳಿದದ್ದು ಮುಂಗಾರಿನ ಮೊದಲ ಮೋಡ ಕಟ್ಟಿದ ದಿನ. ಈ ಕ್ರಮವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಊರಿನವರು ಇದನ್ನು ಹೇಳುವಾಗ ಕೊನೆಯದನ್ನು ಮೊದಲಿಗೆ ತಂದು ನಡುವಿನದನ್ನು ಬಿಟ್ಟೇಬಿಡುತ್ತಾರೆ; ಕೇಳುವವರೂ ಹೂಂ ಎಂದುಬಿಡುತ್ತಾರೆ.

ನಮ್ಮ ಊರಿನಲ್ಲಿ ಪರದೆಯ ಮೇಲಿನ ಮನುಷ್ಯರು ಹೂಂ ಎನ್ನುವವರಿಲ್ಲದೆ ಮುಂದಿನ ಮಾತು ಆಡುವುದಿಲ್ಲ. ಟೀವಿಯಾಗಲಿ, ಫೋನಾಗಲಿ, ಟಾಕೀಜಿನ ದೊಡ್ಡ ಪರದೆಯಾಗಲಿ, ಒಂದು ಮಾತು ಮುಗಿಸಿ ಅವರು ನಿಲ್ಲುತ್ತಾರೆ. ನೋಡುತ್ತಿರುವವರಲ್ಲಿ ಯಾರಾದರೊಬ್ಬರು ಹೂಂ ಎಂದರೆ ಮುಂದುವರಿಯುತ್ತಾರೆ. ಆರಿಸಿ ಮತ್ತೆ ಹಚ್ಚಿದರೂ ನಿಂತಲ್ಲೇ ಇರುತ್ತಾರೆ. ಹೀಗಾಗಿ ಸಂಜೆಯ ವಾರ್ತೆಗೆ ಪ್ರತಿ ಮನೆಯಲ್ಲೂ ಹೂಂ ಅನ್ನುವ ಪಾಳಿಯಿದೆ. ಗಂಟಲು ಕಟ್ಟಿದವರಿಗೆ ರಜೆ. ಟಾಕೀಜಿನ ಮುಂದಿನ ಸಾಲನ್ನು ಹೂಂ ಅನ್ನುವ ಕರಾರಿನ ಮೇಲೆ ಅರ್ಧ ದರಕ್ಕೆ ಕೊಡುತ್ತಾರೆ. ಒಮ್ಮೆ ಕೈಯೆತ್ತಿ ಅಬ್ಬರಿಸುತ್ತಿದ್ದ ಖಳನಾಯಕನಿಗೆ ಹೂಂ ಅನ್ನಲು ಯಾರೂ ಒಪ್ಪದೆ, ಅವನು ಇಡೀ ಮ್ಯಾಟಿನಿ ಎತ್ತಿದ ಕೈ ಇಳಿಸದೆ ನಿಂತಿದ್ದ. ಕೊನೆಗೆ ಗೇಟ್‌ಕೀಪರ್ ತನ್ನ ಕೆಲಸವೆಂದು ತಿಳಿದು ಹೂಂ ಎಂದು, ಊರವರಿಂದೆಲ್ಲ ಬೈಸಿಕೊಂಡ.

ಆ ಹೂಂ ಮನಸ್ಸಿನಿಂದ ಬಂದಿರಬೇಕೆಂಬ ನಿಯಮವೇನೂ ಇಲ್ಲ. ಅರೆನಿದ್ದೆಯಲ್ಲಿ ಅಂದದ್ದಾದರೂ ನಡೆಯುತ್ತದೆ. ಆದರೆ ಮಾತನಾಡುತ್ತಿರುವವರನ್ನು ಹೂಂ ಇಲ್ಲದೆ ನಿಲ್ಲಿಸುವುದೆಂದರೆ, ಬಿಸಿಲಲ್ಲಿ ಬಂದವರನ್ನು ನೀರು ಕೊಡದೆ ಕಳಿಸಿದಂತೆ ಎಂದು ನಮ್ಮವರ ಭಾವನೆ. ಪರದೆಯ ಮುಂದೆ ರೂಢಿಯಾದ ಈ ಮರ್ಯಾದೆ ಬೀದಿಗೂ ಬಂದಿದೆ. ಎದುರಿಗೆ ಯಾರು ಬಾಯಿ ತೆರೆದರೂ ನಮ್ಮೂರಿನಲ್ಲಿ ಹೂಂ ಸಿಗುತ್ತದೆ.

ಈ ಮರ್ಯಾದೆಯಲ್ಲಿ ಗಿರಣಿ ನೀಲವ್ವನನ್ನು ಮೀರಿಸಿದವರಿರಲಿಲ್ಲ. ನೀಲವ್ವ ನಲವತ್ತು ದಾಟಿದ ಒಂಟಿ ಹೆಂಗಸು. ಬಸ್‌ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿ ಅವಳದ್ದು. ಬೀಸುವ ಕಲ್ಲಿನ ಸದ್ದಿನಲ್ಲಿ ಜನ ತಮ್ಮ ಕಷ್ಟ ಸುಖವನ್ನೆಲ್ಲ ಅವಳ ಮುಂದೆ ಹೇಳಿಕೊಳ್ಳುತ್ತಿದ್ದರು. ಹುಬ್ಬಿನ ಮೇಲೆ ಹಿಟ್ಟು ಕೂರಿಸಿಕೊಂಡು, ಎರಡು ಕೈಯಲ್ಲಿ ಧಾನ್ಯ ಸುರಿಯುತ್ತ, ಅವಳು ತಪ್ಪದೆ ಹೂಂ ಎನ್ನುತ್ತಿದ್ದಳು. “ನೀಲವ್ವನ ಮುಂದ ಹೇಳಿದ್ರ ಎದಿ ಹಗುರಾಗ್ತೈತಿ” ಎಂದು ಊರೆಲ್ಲ ಹೇಳುತ್ತಿತ್ತು.

ನೀಲವ್ವನ ತಂಗಿ ಸುಗಂಧಾ ನರ್ಸ್ ಆಗಿ ಸಮುದ್ರದಾಚೆಯ, ಫ್ರೆಂಚ್ ಆಡುವ ದ್ವೀಪವೊಂದಕ್ಕೆ ಹೋಗಿ, ಅಲ್ಲಿಯ ಹಡಗಿನ ಕೆಲಸಗಾರನನ್ನು ಮದುವೆಯಾಗಿ, ಮಗಳು ಅಂಬೆಗಾಲಿಡುವ ಮೊದಲೇ ತೀರಿಕೊಂಡಿದ್ದಳು. ಮಗುವನ್ನು ಅದರ ಅಜ್ಜಿ, ತಂದೆಯ ತಾಯಿ, ಸಾಕಿದರು. ಸಂಕ್ರಾಂತಿ ಕಳೆದ ವಾರ ತಂದೆಯ ಹಡಗಿನ ಕಚೇರಿಯಿಂದ ಬಂದ ಫೋನಿನಲ್ಲಿ ಆ ಅಜ್ಜಿಯೂ ಹೋದರೆಂಬ ಸುದ್ದಿ ಇತ್ತು. ತಂದೆಗೆ ವರ್ಷವೆಲ್ಲ ನೀರಿನ ಮೇಲಿನ ಬದುಕು. ಮಗುವನ್ನು ದೊಡ್ಡಮ್ಮ ಇಟ್ಟುಕೊಳ್ಳುತ್ತಾಳೆಯೇ ಎಂದು ಕೇಳಿದ್ದರು. ನೀಲವ್ವ ಹೂಂ ಎಂದಿದ್ದಳು. ಮರುದಿನ ಬೆಳಿಗ್ಗೆ ನನ್ನ ಮನೆಗೆ ಬಂದಳು.

ನಾನು ದೂರದ ಊರಿನಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಬಂದು, ಹೈಸ್ಕೂಲಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ಪದವಿಯಲ್ಲಿ ಎರಡನೆಯ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡಿದ್ದೆ. ಅಂಕ ಚೆನ್ನಾಗಿ ಬರುತ್ತವೆಂಬುದೊಂದೇ ಅದಕ್ಕೆ ಕಾರಣ.

“ಅಕ್ಕಾರ, ನಿಮಗ ಫ್ರೆಂಚ್ ಬರ್ತೈತಂತಲ್ರೀ?” ಎಂದಳು ನೀಲವ್ವ ಬಾಗಿಲಲ್ಲೇ ನಿಂತು.

“ಓದಾಕ ಬರ್ತೈತಿ ನೀಲಕ್ಕಾ. ಮಾತಾಡಾಕ ಅಷ್ಟಕ್ಕಷ್ಟ. ಪರೀಕ್ಷಾಕ್ಕ ಕಲ್ತದ್ದು.”

“ನನ್ದೂ ಪರೀಕ್ಷಾನ ಐತ್ರಿ. ಮಳಿ ಹಿಡಿಯೂದ್ರಾಗ ಕೂಸು ಬರ್ತೈತಿ. ಅದಕ್ಕ ನಮ್ಮ ಮಾತು ಬರಾಂಗಿಲ್ಲ, ನನಗ ಅದರ ಮಾತು ಬರಾಂಗಿಲ್ಲ. ಇಬ್ರೂ ಮುಖಾ ಮುಖಾ ನೋಡ್ಕೋತ ಕುಂತ್ರ, ಅದು ನನ್ನ ಮನ್ಯಾಗ ಇದ್ದೂ ಒಂದ ಆಗ್ತೈತಿ, ಯಾವುದೋ ಸ್ಟೇಶನ್ನದಾಗ ಇದ್ದೂ ಒಂದ ಆಗ್ತೈತಿ.”

ಕಾಲೇಜಿನಲ್ಲಿ ನಮ್ಮ ಉಪನ್ಯಾಸಕರು ಕೊಟ್ಟಿದ್ದ ವಿಡಿಯೋ ಪಾಠಗಳು ಒಂದು ಪೆನ್‌ಡ್ರೈವಿನಲ್ಲಿ ನನ್ನ ಬಳಿಯಿದ್ದವು. ಮಾತನಾಡಲು ನನಗಿಂತ ಅವೇ ಮೇಲು. ಒಟ್ಟು ಇಪ್ಪತ್ತು ಪಾಠ. ಎಲ್ಲದರಲ್ಲೂ ಮದಾಮ್ ಒದಿಲ್ ಎಂಬ ಬ್ರೆಡ್ ಅಂಗಡಿಯ ಹೆಂಗಸು ಕಾಣಿಸಿಕೊಳ್ಳುತ್ತಾರೆ: ನೀಲಿ ಏಪ್ರನ್, ಕಿವಿಯ ಹಿಂದೆ ಸಿಕ್ಕಿಸಿದ ನರೆಗೂದಲು, ಮಾತು ಮುಗಿದಾಗಲೆಲ್ಲ ಸ್ವಲ್ಪ ಮುಂದೆ ಬಾಗಿ ನೋಡುವ ಅಭ್ಯಾಸ. ಕಾಲೇಜಿನ ಊರಿನಲ್ಲಿ ಅವರು ಯಾರಿಗೂ ಕಾಯದೆ ಒಂದೇ ಸಮನೆ ಮಾತನಾಡಿಕೊಂಡು ಹೋಗುತ್ತಿದ್ದರು. ಆಗೆಲ್ಲ ನನಗೆ ಅವರ ಬಗ್ಗೆ ಕನಿಕರವಾಗುತ್ತಿತ್ತು.

ಪಾಠಕ್ಕೆ ಜಾಗ ಕೊಟ್ಟವರು ಮೌಲಾಸಾಬರು. ಅವರು ಫೋಟೋ ಸ್ಟುಡಿಯೋ ಮುಚ್ಚಿ ವರ್ಷಗಳಾಗಿದ್ದರೂ ಗೋಡೆಯ ತುಂಬ ಬರೆಸಿದ್ದ ಸರೋವರ, ಬಾತುಕೋಳಿ ಹಾಗೇ ಇದ್ದವು. ಅದರ ಮುಂದೆ ಅವರ ದೊಡ್ಡ ಟೀವಿ. ಮೊದಲ ದಿನ ನೀಲವ್ವನೊಬ್ಬಳೇ ಬರುತ್ತಾಳೆಂದುಕೊಂಡಿದ್ದೆ. ಅವಳ ಹಿಂದೆ ಇಡೀ ಓಣಿ ಬಂತು.

“ನಾವೇನ ಕಲಿಯಾಕ ಬಂದಿಲ್ರಿ ಅಕ್ಕಾರ,” ಎಂದರು ಮೌಲಾಸಾಬರು, ತಮ್ಮದೇ ಕುರ್ಚಿಯಲ್ಲಿ ಅತಿಥಿಯಂತೆ ಕೂರುತ್ತ. “ದಿನಾ ಗಿರಣ್ಯಾಗ ದಣದಿರ್ತಾಳ ನಮ್ಮ ತಂಗಿ. ಒಬ್ಬಾಕಿನ ಎಷ್ಟಂತ ಹೂಂ ಅನ್ಬೇಕು? ಆಕಿ ಕಲೀಲಿ, ಹೂಂ ನಮ್ದಿರಲಿ.”

ಹೀಗೆ ಪಾಠ ಸಾಗಿತು. ಮದಾಮ್ ಒದಿಲ್ ಒಂದು ಮಾತು ಮುಗಿಸುವಷ್ಟರಲ್ಲಿ ಎಲ್ಲ ಮೂಲೆಗಳಿಂದ ಹೂಂ ಬೀಳುತ್ತಿತ್ತು. ನಾನು ನಡುವೆ ಅರ್ಥ ಹೇಳಿದರೆ ನನಗೂ ಹೂಂ ಎನ್ನುತ್ತಿದ್ದರು. ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಇಂಪಾಗಿ ಅನ್ನುತ್ತಿದ್ದವಳು ನೀಲವ್ವನೇ, ತಡೆದುಕೊಳ್ಳುವುದು ಅವಳಿಂದಾಗುತ್ತಿರಲಿಲ್ಲ. ಇಪ್ಪತ್ತನೆಯ ಪಾಠದ ಕೊನೆಗೆ ಮದಾಮ್ ಒದಿಲ್ ಅಂಗಡಿಯ ಬಾಗಿಲು ಹಾಕಿ ಕೈಬೀಸಿದಾಗ ಹೆಂಗಸರು ಕಣ್ಣೊರೆಸಿಕೊಂಡರು, ಮೌಲಾಸಾಬರು ಶಿರಾ ಹಂಚಿದರು. ಶಿರಾದ ಬಟ್ಟಲು ಹಿಡಿದುಕೊಂಡೇ ನಾನು ನೀಲವ್ವನಿಗೆ ಫ್ರೆಂಚಿನಲ್ಲಿ ಅವಳ ಹೆಸರು ಕೇಳಿದೆ.

“ಹೂಂ,” ಎಂದಳು ನೀಲವ್ವ.

ಮತ್ತೆ ಕೇಳಿದೆ. ಮತ್ತೆ ಹೂಂ ಎಂದಳು. ಅವಳ ಮುಖದ ನಗು ನಿಧಾನವಾಗಿ ಇಳಿಯಿತು. ಬಟ್ಟಲನ್ನು ಕೆಳಗಿಟ್ಟು, “ಏನಂದ್ರಿ ಅಕ್ಕಾರ?” ಎಂದಳು, ಬಹಳ ಮೆಲ್ಲಗೆ. ಅವಳು ಯಾರನ್ನಾದರೂ ಹಾಗೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ತಪ್ಪಿನ ಕಾರಣ ನನಗೆ ಸ್ಪಷ್ಟವಾಗಿತ್ತು, ಪರಿಹಾರವೂ ಅಷ್ಟೇ ಸ್ಪಷ್ಟ. ಮೊದಲ ಪಾಠದಿಂದ ಮತ್ತೆ ಶುರು ಮಾಡಬೇಕು; ಸ್ಟುಡಿಯೋದಲ್ಲಿ ನೀಲವ್ವನನ್ನು ಬಿಟ್ಟು ಬೇರೆ ಯಾರೂ ಹೂಂ ಅನ್ನಬಾರದು; ಅವಳೂ ಮಾತಿನ ಅರ್ಥ ತನ್ನಷ್ಟಕ್ಕೆ ತಾನೇ ಹೊಳೆಯುವವರೆಗೆ ಅನ್ನಬಾರದು. ನಾನು ಅರ್ಥ ಹೇಳಿಕೊಡುವುದಿಲ್ಲ.

“ತಿಳೀಲಿಲ್ಲಂದ್ರ?” ಎಂದಳು ನೀಲವ್ವ.

“ತಿಳಿಯೂತನಕ ಅವರು ನಿಂತಿರ್ತಾರ.”

“ಬಾಯಿ ತಗದ ನಿಂತಿರ್ತಾರೇನ್ರಿ? ದೊಡ್ಡ ಹೆಣಮಗಳು! ಪಾಪ ಬರ್ತೈತ್ರೀ.”

ಮೊದಲೆರಡು ಪಾಠಗಳು ಹೇಗೋ ದಾಟಿದವು. ‘ಮ್ವಾ’ ಎಂದು ಮದಾಮ್ ಒದಿಲ್ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಾಗ ‘ನಾನು’ ಎಂಬುದು ನೀಲವ್ವನಿಗೆ ಹೊಳೆಯಿತು. ಬಾಗಿಲು ಬಡಿದ ಸದ್ದಾಗಿ ಅವರು ‘ಕೀ?’ ಎಂದು ತಿರುಗಿದಾಗ ‘ಯಾರು’ ಹೊಳೆಯಿತು. ‘ಜ ನೆ ಪಾ ಕೋಂಪ್ರಿ’, ನನಗೆ ತಿಳಿಯಲಿಲ್ಲ, ‘ಆಂಕೋರ್’, ಇನ್ನೊಮ್ಮೆ. ಇವೆರಡನ್ನು ಅಂಗಡಿಗೆ ಬಂದ ಕಿವುಡ ಮುದುಕನೊಬ್ಬ ಹೇಳಿಕೊಟ್ಟ. ಮೂರನೆಯ ಪಾಠದಲ್ಲಿ ಎಲ್ಲ ನಿಂತುಹೋಯಿತು. ಮದಾಮ್ ಒದಿಲ್ ಒಂದು ಕೈಯಲ್ಲಿ ಮೊಳದುದ್ದದ ಬ್ರೆಡ್, ಇನ್ನೊಂದು ಕೈಯಲ್ಲಿ ಬೆಣ್ಣೆಯ ತಟ್ಟೆ ಹಿಡಿದು, “ಆವೆಕ್ ದ್ಯು ಬರ್, ಊ ಸಾಂ ಬರ್?” ಎಂದು ಕೇಳಿ ಮುಂದೆ ಬಾಗಿದರು. ಬೆಣ್ಣೆಯ ಜೊತೆಗೋ, ಬೆಣ್ಣೆಯಿಲ್ಲದೆಯೋ? ನೀಲವ್ವ ನೋಡಿದಳು, ಬೆವರಿದಳು, ಬಾಯಿಗೆ ಸೆರಗು ಒತ್ತಿಕೊಂಡು ಹೂಂ ಅನ್ನು ನುಂಗಿದಳು.

ಮದಾಮ್ ಒದಿಲ್ ಹಾಗೇ ನಿಂತರು. ಮರುದಿನವೂ ನಿಂತಿದ್ದರು. ಹೂಂ ಇಲ್ಲದ್ದೊಂದು ಅವಮಾನ, ಆರಿಸುವುದು ಅದರ ಮೇಲಿನ ಅವಮಾನ ಎಂದು ಮೌಲಾಸಾಬರು ಟೀವಿಯನ್ನು ಆರಿಸಗೊಡಲಿಲ್ಲ. ಸುದ್ದಿ ಹಬ್ಬಿತು. ಕೆಲಸಕ್ಕೆ ಹೋಗುವವರು ಸ್ಟುಡಿಯೋದ ಕಿಟಕಿಯಲ್ಲಿ ಇಣುಕಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನೋಡಿ ಹೋಗುತ್ತಿದ್ದರು. ಯಾರೋ ಟೀವಿಯ ಮುಂದೆ ಒಂದು ಕುರ್ಚಿ ಇಟ್ಟರು, ಅವರು ಕೂರಲಾರರೆಂದು ಗೊತ್ತಿದ್ದೂ. ಇನ್ನಾರೋ ಬಿಸಿಲು ಅವರ ಮುಖಕ್ಕೆ ಬೀಳದಂತೆ ಪರದೆ ಕಟ್ಟಿದರು. ನನ್ನನ್ನು ಕಂಡರೆ ಜನ ಬೇರೆ ಕಡೆ ನೋಡತೊಡಗಿದರು. ಟ್ಯೂಷನ್ನಿನ ಮಕ್ಕಳು ಮಾತ್ರ ಎಂದಿಗಿಂತ ಹೆಚ್ಚು ಸಲ ಹೂಂ ಎಂದರು, ನನ್ನ ಮನಸ್ಸು ಕರಗಲೆಂದು.

ಯುಗಾದಿಯ ಹಿಟ್ಟಿಗಾಗಿ ನಾನು ಗಿರಣಿಗೆ ಹೋದ ದಿನ ಮೌಲಾಸಾಬರೂ ಅಲ್ಲಿದ್ದರು. ಗೋಧಿಯ ಚೀಲ ತೋಳ ಮೇಲೆ, ಕಡಲೆಯ ಸಣ್ಣ ಗಂಟು ಕೈಯಲ್ಲಿ. ಕಲ್ಲು ತಿರುಗುತ್ತಿತ್ತು. ಅವರು ನೀಲವ್ವನ ಕಡೆಗೆ ಬಾಗಿ ಏನೋ ಹೇಳುತ್ತಿದ್ದರು, ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ನೀಲವ್ವನ ಬಾಯಿ ಹೂಂ ಅನ್ನಲು ಕೂಡಿತು. ಕೂಡಿದ್ದು ಹಾಗೇ ಉಳಿಯಿತು. ಅವಳು ಕೈಚಾಚಿ ಗಿರಣಿಯನ್ನು ಬಂದ್ ಮಾಡಿದಳು. ಕಲ್ಲು ಗರಗರನೆ ತಿರುಗಿ ನಿಂತಮೇಲೆ ಬಸ್‌ಸ್ಟ್ಯಾಂಡಿನ ಕಂಡಕ್ಟರನ ಕೂಗು ಕೂಡ ಒಳಗೆ ಕೇಳಿಸಿತು.

“ಏನಂದಿ ಮೌಲಾಸಾಬಣ್ಣ? ಇನ್ನೊಮ್ಮೆ ಹೇಳು.”

ಮೌಲಾಸಾಬರು ಬೆರಗಾಗಿ ಸುತ್ತ ನೋಡಿದರು. “ಆ ಟೀವ್ಯಾಗಿನ ಬಾಯಾರ ಕೈ ನೋಯ್ತಿರಬೇಕು ತಂಗೀ, ಒಂದ ಹೂಂ ಅಂದ್ಬಿಡು ಅಂದ್ನಿ. ನಿನಗೇನ ಹೂಂ ಅನ್ನೂದು ಹೊಸದ? ನಮ್ಮಾಕಿ ಹ್ವಾದಾಗ, ಇದ ಜಾಗಾದಾಗ ನಿಂತು ಎಲ್ಲಾ ಹೇಳಿ ಅತ್ತಿದ್ನೆಲ್ಲಾ. ಒಂದೊಂದಕ್ಕೂ ಹೂಂ ಅಂದಿದ್ದಿ. ಅದಕ್ಕ ನಾ ಉಳದೇನಿ.”

ನೀಲವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು.

“ಅಣ್ಣಾ, ಅದ್ರಾಗ ಒಂದೂ ನನಗ ಕೇಳಿಸಿರಲಿಲ್ಲ,” ಎಂದಳು.

ಹಿಟ್ಟಿಗಾಗಿ ಪಾಳಿಯಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಚೀಲ ಕೆಳಗಿಟ್ಟರು. ಅವರವರು ಅವಳ ಮುಂದೆ ಹೇಳಿಕೊಂಡದ್ದೆಲ್ಲ ಅವರವರಿಗೆ ನೆನಪಾಗುತ್ತಿದ್ದಿರಬೇಕು.

“ಒಂದೂ?” ಎಂದರು ಮೌಲಾಸಾಬರು.

“ಒಂದೂ ಇಲ್ಲ. ಗಿರಣಿ ನಡೀತಿತ್ತು. ಈಗ ನಿಂತೈತಿ. ಕುಂದ್ರು, ಈಗ ಹೇಳು.”

ಅವರು ಸಿಟ್ಟಾಗುತ್ತಾರೆಂದು ನಾನು ಹೆದರಿದ್ದೆ. ಅವರು ಗೋಧಿಯ ಚೀಲದ ಮೇಲೆ ಕುಳಿತು ಹೇಳಿದರು. ಹೆಂಡತಿ ಆಸ್ಪತ್ರೆಯಿಂದ ತಿರುಗಿ ಬಂದ ದಿನ ಎಳನೀರು ಕೇಳಿದ್ದು, ತರಲು ಹೋದ ತಾವು ದಾರಿಯಲ್ಲಿ ಯಾರ ಜೊತೆಗೋ ಮಾತಿಗೆ ನಿಂತದ್ದು, ತಿರುಗುವಷ್ಟರಲ್ಲಿ ತಡವಾದದ್ದು, ಅಷ್ಟು ಮಾತ್ರ. ನೀಲವ್ವ ನಡುವೆ ಎರಡು ಸಲ “ತಡಿ, ಇದು ತಿಳೀಲಿಲ್ಲ” ಎಂದು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ, ತಡವಾಗಿ, ಒಂದೇ ಒಂದು ಹೂಂ ಅಂದಳು. ಮೌಲಾಸಾಬರು ಟೋಪಿ ತೆಗೆದು ಮುಖ ಒರೆಸಿಕೊಂಡರು.

“ಹಳೇ ಹೂಂಗಿಂತ ಇದು ಭಾಳ ಭಾರ ಐತಿ ನೋಡವಾ,” ಎಂದು ಎದ್ದರು. “ತಗೋ, ಬೀಸು.”

ನೀಲವ್ವ ಚೀಲವನ್ನೂ ಗಂಟನ್ನೂ ತೆಗೆದುಕೊಂಡು, ದಿನಕ್ಕೆ ನೂರು ಸಲ ಕೇಳುವ ಹಾಗೆ ಕೇಳಿದಳು: “ಕಡ್ಲಿ ಸಂಗಟ ಬೀಸಲೋ, ಬರೇ ಗೋಧಿನೋ?” ಕೇಳಿದವಳು ಕಲ್ಲಾಗಿ ನಿಂತಳು. ಒಂದು ಕೈಯಲ್ಲಿ ಗೋಧಿ, ಒಂದು ಕೈಯಲ್ಲಿ ಕಡಲೆ. ಸ್ವಲ್ಪ ಮುಂದೆ ಬಾಗಿದ್ದಳು ಕೂಡ.

“ಅಯ್ಯ ಶಿವನ! ಅಕ್ಕಾರ, ಆಕಿ ಕೇಳೂದೂ ಇದನ್ನೇನ್ರೀ?”

ನಾನು ಬಾಯಿ ತೆರೆಯುವ ಮೊದಲೇ ಅವಳು ಎರಡನ್ನೂ ಕಲ್ಲಿನ ಮೇಲಿಟ್ಟು ಓಡಿದ್ದಳು. ಪಾಳಿಯವರೆಲ್ಲ ಹಿಂದೆ ಓಡಿದರು. ಸ್ಟುಡಿಯೋದ ಬಾಗಿಲಲ್ಲಿ ನಿಂತು, ಏದುಸಿರಿನಲ್ಲಿ, ಬಾತುಕೋಳಿಗಳ ಮುಂದೆ ಬ್ರೆಡ್ ಹಿಡಿದು ನಿಂತ ಹೆಂಗಸನ್ನು ನೋಡುತ್ತ ನೀಲವ್ವ ಹೂಂ ಎಂದಳು. ಮದಾಮ್ ಒದಿಲ್ ನಕ್ಕು ಬ್ರೆಡ್ಡನ್ನು ಕೆಳಗಿಟ್ಟರು. ಹೊರಗೆ ನಿಂತವರು ಹಬ್ಬವೇ ಬಂದಂತೆ ಕೂಗಿದರು.

ಆದರೆ ಈ ವೇಗದಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ನಾವು ತಲುಪಿದ್ದು ನಾಲ್ಕನೆಯ ಪಾಠದ ಕೊನೆ. ಹಸಿವು ಹನ್ನೊಂದನೆಯ ಪಾಠದಲ್ಲಿತ್ತು, ನೋವು ಹದಿನಾರನೆಯದರಲ್ಲಿ. ನನಗೆ ನಿದ್ದೆ ಬರುತ್ತಿರಲಿಲ್ಲ. “ಉಳಿದದ್ದನ್ನು ಕನ್ನಡದಾಗ ಹೇಳಿಕೊಡ್ಲೇನ್ ನೀಲಕ್ಕಾ?” ಎಂದು ನಾನೇ ಸೋತು ಕೇಳಿದೆ. ಅವಳು ಬೇಡವೆಂದಳು. “ಹೇಳಿಸ್ಕೊಂಡ್ರ ನಾ ಹೂಂ ಅಂತೇನ್ರಿ. ನನ್ನ ಬಾಯಿ ನನಗ ಗೊತ್ತೈತಿ.”

ಮಗುವಿನ ಹೆಸರು ಎಲೋಡಿ. ಬಸ್ಸಿನಿಂದ ಇಳಿದಾಗ ಏಳು ವರ್ಷದ ತೆಳ್ಳನೆಯ ಹುಡುಗಿ, ಮೊಣಕಾಲಿನವರೆಗೆ ಬಿಳಿ ಕಾಲುಚೀಲ, ಸುಗಂಧಾಳದೇ ಹಣೆ. ಹಡಗಿನ ಕಚೇರಿಯ ಹೆಂಗಸೊಬ್ಬರು ಬಂದರಿನಿಂದ ಕರೆತಂದಿದ್ದರು. ಅರ್ಧ ಊರೇ ಬಸ್‌ಸ್ಟ್ಯಾಂಡಿನಲ್ಲಿತ್ತು. ನೀಲವ್ವ “ಬೋಂಝೂರ್” ಎಂದಳು. ಮಗು ತಲೆಯೆತ್ತಿ, ತಗ್ಗಿದ ದನಿಯಲ್ಲಿ ಏನೋ ಕೇಳಿತು. ಸುತ್ತ ನಿಂತವರೆಲ್ಲ, ಅಷ್ಟು ದೂರದಿಂದ ಬಂದ ಕೂಸಿನ ಮಾತು ಬೀದಿಯಲ್ಲಿ ಬೀಳಬಾರದೆಂದು, ಒಟ್ಟಿಗೆ ಪ್ರೀತಿಯಿಂದ ಹೂಂ ಎಂದರು. ಮಗು ಬಾಯಿ ಮುಚ್ಚಿ ತನ್ನ ಬೂಟುಗಳನ್ನು ನೋಡತೊಡಗಿತು.

“ಹಡಗು ಇಳಿದಾಗಿನಿಂದ ಇದೊಂದನ್ನೇ ಕೇಳ್ತಾಳೆ,” ಎಂದರು ಕಚೇರಿಯ ಹೆಂಗಸು, ತಿರುಗಿ ಹೋಗುವ ಬಸ್ಸಿನ ಕಡೆ ಒಂದು ಕಣ್ಣಿಟ್ಟು. “ನನಗೆ ಫ್ರೆಂಚ್ ಬರಲ್ಲಮ್ಮ. ಏನಾದ್ರೂ ಇರ್ಲಿ ಅಂತ ತಲೆ ಆಡಿಸ್ತಾ ಬಂದೆ.”

ಗಿರಣಿಯ ಹಿಂದಿನ ಮನೆಗೆ ನಾವು ಮೂವರೇ ಹೋದೆವು. ಬರಬೇಡಿರೆಂದು ನೀಲವ್ವ ಊರಿಗೆ ಕೈಮುಗಿದಿದ್ದಳು. ಗಿರಣಿಯನ್ನೂ ಬಂದ್ ಇಟ್ಟಿದ್ದಳು. ಮಗು ಅನ್ನ ಮುಟ್ಟಲಿಲ್ಲ, ಬೂಟು ಬಿಚ್ಚಲಿಲ್ಲ. ಗೋಡೆಗೆ ಒರಗಿ ನಿಂತು ಮನೆಯ ಎರಡು ಕೋಣೆಗಳನ್ನು, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆಗಳನ್ನು ನೋಡಿತು. ಹೊರಗೆ ಮೋಡ ಗುಡುಗಿತು. ಆಗ ಅದು ನೀಲವ್ವನ ಕಡೆ ತಿರುಗಿ, ಉತ್ತರದ ಆಸೆಯಿಲ್ಲದ ದನಿಯಲ್ಲಿ, ಅದೇ ಮಾತು ಕೇಳಿತು.

“ಕೀ ವಾ ದೋರ್ಮೀರ್ ಆವೆಕ್ ಮ್ವಾ?”

ನನಗೆ ಅರ್ಥವಾಯಿತು. ಹೇಳಲು ಬಾಯಿ ತೆರೆದೆ. ನೀಲವ್ವ ನನ್ನನ್ನು ನೋಡದೆಯೇ ಕೈ ಅಡ್ಡ ಹಿಡಿದಳು. “ತಡೀರಿ ಅಕ್ಕಾರ.” ಬದುಕಿಡೀ ಅನ್ನುತ್ತ ಬಂದ ಹೂಂ ಅವಳ ನಾಲಿಗೆಗೆ ಬಂದು ನಿಂತಿತ್ತು. ಅದನ್ನು ನುಂಗಿ ಅವಳು ಹೇಳಿದಳು: “ಜ ನೆ ಪಾ ಕೋಂಪ್ರಿ. ಆಂಕೋರ್.”

ಮಗು ಗೋಡೆಯಿಂದ ಬೆನ್ನು ತೆಗೆಯಿತು. ತಿಳಿಯಲಿಲ್ಲ ಎಂದು ಹೇಳಿದ ಮೊದಲ ದೊಡ್ಡವರನ್ನು ಅದು ಅಡಿಯಿಂದ ಮುಡಿಯವರೆಗೆ ನೋಡಿತು. ಮತ್ತೆ ಹೇಳಿತು, ಸ್ವಲ್ಪ ನಿಧಾನವಾಗಿ.

“ಕೀ... ಯಾರು,” ಎಂದು ನೀಲವ್ವ ಬೆರಳು ಮಡಿಚಿದಳು. “ಆವೆಕ್, ಸಂಗಟ. ಮ್ವಾ, ನಾನು. ಯಾರು, ನನ್ನ ಸಂಗಟ... ನನ್ನ ಸಂಗಟ ಏನವಾ? ಆಂಕೋರ್.”

ಮಗು ಮತ್ತೆ ಹೇಳಿತು. ಮತ್ತೆ ಆಂಕೋರ್. ಮೂರನೆಯ ಸಲಕ್ಕೆ ಅದಕ್ಕೆ ಸಿಟ್ಟು ಬಂತು, ಬೂಟುಗಾಲಿನಿಂದ ನೆಲ ಒದ್ದು, “ದೋರ್ಮೀರ್!” ಎಂದು ಕಿರುಚಿತು. ಆಮೇಲೆ ಈ ದಡ್ಡ ಹೆಂಗಸಿಗೆ ಕಲಿಸದೆ ವಿಧಿಯಿಲ್ಲವೆಂಬಂತೆ ಒಂದು ನಿಟ್ಟುಸಿರು ಬಿಟ್ಟು, ಎರಡು ಅಂಗೈ ಜೋಡಿಸಿ, ಕೆನ್ನೆಯ ಕೆಳಗಿಟ್ಟುಕೊಂಡು, ಕಣ್ಣು ಮುಚ್ಚಿತು. ಮುಚ್ಚಿದ ಕಣ್ಣುಗಳಲ್ಲಿ ಒಂದನ್ನು ತೆರೆದು, ತಿಳಿಯಿತೇ ಎಂದು ನೋಡಿತು.

ನೀಲವ್ವ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. “ಅಜ್ಜಿ ಸಂಗಟ ಮಲಗ್ತಿತ್ತೇನೋ ಕೂಸು,” ಎಂದಳು ನನಗೋ ತನಗೋ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡಳು, ಮದಾಮ್ ಒದಿಲ್ ಇಟ್ಟುಕೊಂಡಂತೆಯೇ. “ಮ್ವಾ,” ಎಂದಳು. “ಮ್ವಾ. ದೋರ್ಮೀರ್. ಆವೆಕ್...” ‘ನೀನು’ ಎನ್ನುವುದು ಐದನೆಯ ಪಾಠದಲ್ಲಿತ್ತು. ಅವಳು ಮಗುವಿನ ಎದೆಗೆ ಬೆರಳು ಮುಟ್ಟಿಸಿದಳು.

ನೀಲವ್ವನ ಉಚ್ಚಾರ ಗಿರಣಿಯಲ್ಲಿ ಬೀಸಿದಂತಿತ್ತು, ಮಗುವಿಗೆ ತಿಳಿದಿರಲಿಕ್ಕಿಲ್ಲ.

“ಆಂಕೋರ್,” ಎಂದಿತು ಮಗು.

ನೀಲವ್ವ ಇನ್ನೊಮ್ಮೆ ಹೇಳಿದಳು. ಆಮೇಲೆ ಇನ್ನೂ ಒಮ್ಮೆ ಹೇಳಿದಳು. ಹಂಚಿನ ಮೇಲೆ ಮೊದಲ ಹನಿಗಳು ಬಿದ್ದವು. ಮಗು ನೆಲಕ್ಕೆ ಕುಳಿತು ಎಡಗಾಲಿನ ಬೂಟು ಬಿಚ್ಚಿತು, ಬಲಗಾಲಿನದೂ ಬಿಚ್ಚಿತು, ಎರಡನ್ನೂ ಜೋಡಿಸಿ ಗೋಡೆಯ ಪಕ್ಕ ಇಟ್ಟಿತು. ಬಳಿಕ ನೀಲವ್ವನ ಮುಖ ನೋಡುತ್ತ, ಬಸ್ಸಿನಿಂದ ಇಳಿದಾಗ ಊರೆಲ್ಲ ತನಗೆ ಅಂದಿದ್ದ ಆ ಒಂದು ಮಾತನ್ನು ಹೇಳಿತು.

“ಹೂಂ.”

ಕಂಡುಬಂದದ್ದು ಇಷ್ಟು: ತಿಳಿದ ಮೇಲೆ ಬರುವ ಹೂಂ ತಡವಾಗಿ ಬರುತ್ತದೆ, ಮತ್ತು ಮಗು ಅಷ್ಟು ಹೊತ್ತು ಕಾಯುತ್ತದೆ.